ಹಿಂದಿನ ಸಾಲಿನಿಂದ ತಂಡ ನಡೆಸಿದವನು: ಚಾರ್ಲ್ಸ್ ಮಿಂಗಸ್

ಪ್ರಶ್ನೆ: ಕರ್ನಾಟಕ ಸಂಗೀತ ಕೇಳಿಕೊಂಡು ಬೆಳೆದವನು ನಾನು. ಈಚೆಗೆ ಜಾಝ್ ಕೇಳಲು ಶುರು ಮಾಡಿದ್ದೇನೆ. ಚಾರ್ಲ್ಸ್ ಮಿಂಗಸ್ ಹೆಸರು ಎಲ್ಲರ ಬಾಯಲ್ಲೂ ಬರುತ್ತದೆ, ಅದೂ ಬಾಸ್ ವಾದಕ ಮತ್ತು ಸಂಯೋಜಕ ಎಂದು. ನನಗೋ ಆ ರೆಕಾರ್ಡುಗಳಲ್ಲಿ ಬಾಸ್ ಸರಿಯಾಗಿ ಕೇಳಿಸುವುದೇ ಇಲ್ಲ. ಹಿಂದೆ ನಿಂತು ದುಂ ದುಂ ಅನ್ನಿಸುವವನು ದೊಡ್ಡ ಸಂಯೋಜಕ ಹೇಗಾದ? ಆತ ಮಹಾ ಕೋಪಿಷ್ಠ, ಜೊತೆಗಾರರಿಗೆ ಹೊಡೆಯುತ್ತಿದ್ದ ಎಂದೂ ಓದಿದೆ. ಅವನ ಬದುಕು ಮತ್ತು ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೀರಾ? ಎಲ್ಲಿಂದ ಕೇಳಲು ಆರಂಭಿಸಲಿ?

ಉತ್ತರ: ಫೋನಿನ ಸ್ಪೀಕರಿನಲ್ಲಿ ಕೇಳುತ್ತಿದ್ದರೆ ಮೊದಲು ಅದನ್ನು ಬಿಡಿ. ಮಿಂಗಸ್ ನುಡಿಸುತ್ತಿದ್ದ ಡಬಲ್ ಬಾಸ್, ಅಂದರೆ ಆಳೆತ್ತರದ ಪಿಟೀಲಿನಂಥ ವಾದ್ಯ; ಅದರ ಅತಿ ಮಂದ್ರದ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಉಗುರಿನಷ್ಟು ದೊಡ್ಡ ಸ್ಪೀಕರಿಗೆ ಆ ನಾದ ಹೊರಡಿಸುವ ತಾಕತ್ತಿಲ್ಲ. ಸಾಧಾರಣ ಹೆಡ್‌ಫೋನ್ ಹಾಕಿಕೊಂಡರೂ ಸಾಕು, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಬಾಸ್ ಕೇಳಿಸುವುದಿಲ್ಲ ಎಂಬ ದೂರು ಸ್ವತಃ ಮಿಂಗಸ್‌ಗೂ ಇತ್ತು. 1953ರ ಮೇ 15ರಂದು ಕೆನಡಾದ ಟೊರಾಂಟೊ ನಗರದ ಮ್ಯಾಸಿ ಹಾಲ್‌ನಲ್ಲಿ ಒಂದು ಕಛೇರಿ ನಡೆಯಿತು. ಸ್ಯಾಕ್ಸೋಫೋನ್ ಚಾರ್ಲಿ ಪಾರ್ಕರ್, ಟ್ರಂಪೆಟ್ ಡಿಝಿ ಗಿಲೆಸ್ಪಿ, ಪಿಯಾನೊ ಬಡ್ ಪವೆಲ್, ಡ್ರಮ್ಸ್ ಮ್ಯಾಕ್ಸ್ ರೋಚ್, ಬಾಸ್ ಮಿಂಗಸ್. ಆ ಕಾಲದ ಜಾಝ್‌ನ ಐದು ಘಟಾನುಘಟಿಗಳು. ಆದರೆ ಅದೇ ರಾತ್ರಿ ಶಿಕಾಗೋದಲ್ಲಿ ಹೆವಿವೇಟ್ ಬಾಕ್ಸಿಂಗ್ ಪಂದ್ಯವಿತ್ತು, ಜನ ಅದರ ಕಡೆ ಹೋದರು. ಸಭಾಂಗಣ ತುಂಬಲಿಲ್ಲ, ಕಲಾವಿದರ ಸಂಭಾವನೆಗೂ ತತ್ವಾರವಾಯಿತು. ಕಛೇರಿಯ ಟೇಪನ್ನು ಮಿಂಗಸ್ ತನ್ನ ಜೊತೆ ಒಯ್ದ. ನ್ಯೂಯಾರ್ಕಿನಲ್ಲಿ ಹಾಕಿ ಕೇಳಿದರೆ ಬಾಸ್ ಎಲ್ಲೋ ಮುಳುಗಿಹೋಗಿತ್ತು. ಆತ ಸುಮ್ಮನಿರಲಿಲ್ಲ. ಸ್ಟುಡಿಯೋದಲ್ಲಿ ಕೂತು ತನ್ನ ಬಾಸ್ ಭಾಗವನ್ನು ಮತ್ತೆ ನುಡಿಸಿ ಅದರ ಮೇಲೆ ಕೂರಿಸಿದ. ತನ್ನದೇ ಕಂಪನಿ ಡೆಬ್ಯೂಟ್ ರೆಕಾರ್ಡ್ಸ್‌ನಿಂದ ಅದನ್ನು ಹೊರತಂದ. ಬೇರೊಂದು ಕಂಪನಿಯ ಕರಾರಿನ ತೊಡಕಿದ್ದುದರಿಂದ ಪಾರ್ಕರ್ ಹೆಸರನ್ನು ‘ಚಾರ್ಲಿ ಚಾನ್’ ಎಂದು ಅಚ್ಚುಮಾಡಬೇಕಾಯಿತು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಜಾಝ್ ತಂಡದಲ್ಲಿ ಬಾಸ್ ಲಯವನ್ನೂ ಹಿಡಿಯುತ್ತದೆ, ಸ್ವರಮೇಳದ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಕಾರ್ಡ್) ಬುಡವನ್ನೂ ಹಿಡಿಯುತ್ತದೆ. ಮೇಲೆ ಪಿಯಾನೊ, ಸ್ಯಾಕ್ಸೋಫೋನ್ ಏನೇ ನುಡಿಸಲಿ, ಕೆಳಗಿನ ಸ್ವರ ಬದಲಾದರೆ ಅದೇ ಸ್ವರಗಳ ಗುಂಪಿಗೆ ಬೇರೆಯೇ ಅರ್ಥ ಬರುತ್ತದೆ. ಮಾಮೂಲಿ ಬಾಸ್ ವಾದಕ ಬಾರ್‌ಗೆ (ನಮ್ಮ ತಾಳದ ಆವರ್ತದಂಥದ್ದು) ನಾಲ್ಕರಂತೆ ಹೆಜ್ಜೆ ಹಾಕುತ್ತ ಹೋಗುತ್ತಾನೆ. ಮಿಂಗಸ್ ಹಾಗೆ ನಡೆಯುತ್ತಿದ್ದವನು ಇದ್ದಕ್ಕಿದ್ದಂತೆ ಒಂದೇ ಸ್ವರಕ್ಕೆ ಅಂಟಿಕೊಂಡು ನಿಲ್ಲುತ್ತಾನೆ. ಆಗ ಮೇಲಿನವರೆಲ್ಲ ತೂಗಾಡಬೇಕಾಗುತ್ತದೆ. ಇಲ್ಲವೇ ವೇಗವನ್ನು ದುಪ್ಪಟ್ಟು ಮಾಡುತ್ತಾನೆ, ಇಲ್ಲವೇ ತಂತಿ ಬಿಟ್ಟು ಬಾಯಲ್ಲಿ ಕೂಗುತ್ತಾನೆ. ಮುಂದೆ ನಿಂತ ಟ್ರಂಪೆಟ್‌ನವನಿಗಿಂತ ತಂಡದ ದಿಕ್ಕು ತಿರುಗಿಸುವ ಅಧಿಕಾರ ಹಿಂದಿನವನಿಗೇ ಹೆಚ್ಚು. ಇದನ್ನು ಬೇರೆ ಬಾಸ್ ವಾದಕರೂ ಬಲ್ಲರು. ಅದನ್ನೇ ಸಂಯೋಜನೆಯ ಹತ್ಯಾರು ಮಾಡಿಕೊಂಡವರಲ್ಲಿ ಮಿಂಗಸ್‌ನಷ್ಟು ದೂರ ಹೋದವರು ನನಗೆ ಕಾಣುವುದಿಲ್ಲ.

ಅವನ ಕೈಗೆ ಬಾಸ್ ಬಂದದ್ದು ಆಸೆಯಿಂದಲ್ಲ. ಹುಟ್ಟಿದ್ದು 1922ರ ಏಪ್ರಿಲ್ 22ರಂದು, ಅರಿಝೋನಾದ ನೊಗಾಲೆಸ್ ಎಂಬ ಗಡಿ ಊರಿನಲ್ಲಿ. ಅಪ್ಪ ಅಮೆರಿಕದ ಸೈನ್ಯದಲ್ಲಿ ಸಾರ್ಜೆಂಟ್. ಕೆಲವೇ ತಿಂಗಳಲ್ಲಿ ತಾಯಿ ತೀರಿಕೊಂಡಳು. ಬೆಳೆದದ್ದು ಲಾಸ್ ಏಂಜಲೀಸ್‌ನ ವಾಟ್ಸ್ ಬಡಾವಣೆಯಲ್ಲಿ. ಮನೆಯಲ್ಲಿ ಚರ್ಚಿನ ಸಂಗೀತಕ್ಕೆ ಮಾತ್ರ ಅನುಮತಿ. ಮಲತಾಯಿ ಅವನನ್ನು ಕರೆದೊಯ್ಯುತ್ತಿದ್ದ ಹೋಲಿನೆಸ್ ಪಂಥದ ಚರ್ಚಿನಲ್ಲಿ ಪಾದ್ರಿ ಒಂದು ಸಾಲು ಕೂಗಿದರೆ ಭಕ್ತರು ಮರುದನಿ ಕೊಡುತ್ತಿದ್ದರು, ಚಪ್ಪಾಳೆ ತಟ್ಟುತ್ತಿದ್ದರು, ಮೈಮೇಲೆ ಬಂದವರಂತೆ ಆಡುತ್ತಿದ್ದರು. ರೇಡಿಯೋದಲ್ಲಿ ಒಂದು ದಿನ ಜಾಝ್‌ನ ದೊಡ್ಡ ಸಂಯೋಜಕ, ಪಿಯಾನೊ ವಾದಕ ಡ್ಯೂಕ್ ಎಲಿಂಗ್ಟನ್ ತಂಡ ಕೇಳಿಸಿತು. ಆ ಚರ್ಚು, ಈ ಎಲಿಂಗ್ಟನ್, ಇವೆರಡನ್ನೂ ಆತ ಕೊನೆಯವರೆಗೆ ಬಿಡಲಿಲ್ಲ.

ಮೊದಲು ಹಿಡಿದದ್ದು ಟ್ರೊಂಬೋನ್, ಆಮೇಲೆ ಚೆಲ್ಲೊ. ಮನೆಮನೆ ತಿರುಗಿ ಪಾಠ ಹೇಳುತ್ತಿದ್ದ ಮೇಷ್ಟ್ರು ಸ್ವರಲಿಪಿ ಓದುವುದನ್ನು ಸರಿಯಾಗಿ ಕಲಿಸಲಿಲ್ಲ. ಹುಡುಗ ಕಿವಿಯಿಂದ ಹಿಡಿದು ನುಡಿಸುತ್ತಿದ್ದ, ಬಾಲಕರ ಆರ್ಕೆಸ್ಟ್ರಾದಲ್ಲೂ ಕೂತ. ಅವನಿಗೆ ಬಾಸ್ ಹಿಡಿಯಲು ಹೇಳಿದವನು ಗೆಳೆಯ ಬಡ್ಡಿ ಕೊಲೆಟ್. ಕಪ್ಪು ಹುಡುಗ ಎಷ್ಟೇ ಚೆನ್ನಾಗಿ ಚೆಲ್ಲೊ ನುಡಿಸಿದರೂ ಬಿಳಿಯರ ಆರ್ಕೆಸ್ಟ್ರಾದಲ್ಲಿ ಜಾಗ ಸಿಗುವುದಿಲ್ಲ, ಬಾಸ್ ಆದರೆ ನಮ್ಮ ಬ್ಯಾಂಡಿನಲ್ಲಿ ಕೆಲಸವಿದೆ ಎಂಬ ಸರಳ ಲೆಕ್ಕಾಚಾರ ಅದು. ಚರ್ಮದ ಬಣ್ಣ ನೋಡಿ ವಾದ್ಯ ಆರಿಸಬೇಕಾದ ಈ ಅವಮಾನವನ್ನು ಮಿಂಗಸ್ ಮರೆತಂತೆ ತೋರುವುದಿಲ್ಲ. ಅವನ ಮೈಯಲ್ಲಿ ಕಪ್ಪು, ಬಿಳಿ, ಚೀನೀ ಮೂಲಗಳು ಬೆರೆತಿದ್ದವು. ಬಿಳಿಯರಿಗೆ ಆತ ಕಪ್ಪು, ಕಪ್ಪು ಹುಡುಗರಿಗೆ ಸಾಕಷ್ಟು ಕಪ್ಪಲ್ಲ. 1971ರಲ್ಲಿ ಹೊರಬಂದ ಆತ್ಮಕಥೆಯ ತುಂಬ ಈ ಎಡಬಿಡಂಗಿತನದ ಸಂಕಟವಿದೆ. ಆ ಪುಸ್ತಕದಲ್ಲಿ ಬಡಾಯಿಯೂ ಬೇಕಾದಷ್ಟಿದೆ ಅನ್ನಿ. ದಾಖಲೆಯೆಂದು ಓದಬೇಡಿ.

ಬಾಸ್ ಹಿಡಿದ ಮೇಲೆ ಸಾಧನೆ ಬಲವಾಗಿತ್ತು. ರೆಡ್ ಕ್ಯಾಲೆಂಡರ್ ಹತ್ತಿರ ಪಾಠ, ನಂತರ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್‌ನಲ್ಲಿ ನುಡಿಸಿದ್ದ ಹರ್ಮನ್ ರೈನ್‌ಶಾಗನ್ ಹತ್ತಿರ ವರ್ಷಗಟ್ಟಲೆ ಅಭ್ಯಾಸ, ಲಾಯ್ಡ್ ರೀಸ್ ಹತ್ತಿರ ಸಂಯೋಜನೆ. 1943ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ತಂಡ, 1947-48ರಲ್ಲಿ ಲಯೊನೆಲ್ ಹ್ಯಾಂಪ್ಟನ್ ತಂಡ, 1950ರಲ್ಲಿ ರೆಡ್ ನೊರ್ವೊ ಟ್ರಿಯೊ. ಈ ಕೊನೆಯದರಲ್ಲಿ ಡ್ರಮ್ಸ್ ಇರಲಿಲ್ಲ, ವೈಬ್ರಾಫೋನ್ (ಕೋಲಿನಿಂದ ನುಡಿಸುವ ಲೋಹದ ಪಟ್ಟಿಗಳ ವಾದ್ಯ), ಗಿಟಾರ್, ಬಾಸ್ ಅಷ್ಟೇ. ಲಯದ ಭಾರವೆಲ್ಲ ಅವನೊಬ್ಬನ ಬೆರಳುಗಳ ಮೇಲೆ. ಹೆಸರೂ ಬಂತು. ಆದರೆ ಟೆಲಿವಿಷನ್ ಕಾರ್ಯಕ್ರಮವೊಂದಕ್ಕೆ ಅವನ ಬದಲು ಬಿಳಿಯ ವಾದಕನನ್ನು ನಿಲ್ಲಿಸಿದಾಗ ತಂಡ ಬಿಟ್ಟು ನಡೆದ. 1951ರಲ್ಲಿ ನ್ಯೂಯಾರ್ಕಿಗೆ ಬಂದು ಸೇರಿದ. ಕೆಲಕಾಲ ಅಂಚೆ ಇಲಾಖೆಯಲ್ಲಿ ದುಡಿದದ್ದೂ ಉಂಟು. 1952ರಲ್ಲಿ ಆಗಿನ ಹೆಂಡತಿ ಸೀಲಿಯಾ ಮತ್ತು ಮ್ಯಾಕ್ಸ್ ರೋಚ್ ಜೊತೆ ಸೇರಿ ಡೆಬ್ಯೂಟ್ ಕಂಪನಿ ಕಟ್ಟಿದ. ಸಂಗೀತಗಾರನೇ ತನ್ನ ರೆಕಾರ್ಡಿನ ಯಜಮಾನನಾಗುವುದು ಆಗ ಅಪರೂಪದ ಮಾತು.

ಅವನ ಸಂಯೋಜನೆಯ ಗುಟ್ಟು ಇರುವುದು 1950ರ ದಶಕದ ನಡುವೆ ಆರಂಭವಾದ ‘ಜಾಝ್ ವರ್ಕ್‌ಶಾಪ್’ನಲ್ಲಿ. ಮಿಂಗಸ್‌ಗೆ ಅಷ್ಟರಲ್ಲಿ ಸ್ವರಲಿಪಿ ಚೆನ್ನಾಗಿ ಬರುತ್ತಿತ್ತು. ಹದಿಹರೆಯದಲ್ಲೇ ದೊಡ್ಡ ವಾದ್ಯವೃಂದಕ್ಕೆ ‘ಹಾಫ್-ಮಾಸ್ಟ್ ಇನ್‌ಹಿಬಿಷನ್’ ಎಂಬ ಕೃತಿ ಬರೆದಿದ್ದವನು. ಆದರೆ ಬರೆದುಕೊಟ್ಟರೆ ವಾದಕರು ಬರೆದದ್ದನ್ನೇ ನುಡಿಸುತ್ತಾರೆ, ಅದಕ್ಕೆ ಜೀವ ಬರುವುದಿಲ್ಲ ಎಂಬುದು ಅವನ ಕೊರಗು. ಹಾಗಾಗಿ ಪಿಯಾನೊ ಮುಂದೆ ಕೂತು ಪ್ರತಿಯೊಬ್ಬನಿಗೂ ಅವನವನ ಭಾಗವನ್ನು ನುಡಿಸಿ ತೋರಿಸತೊಡಗಿದ, ಹಾಡಿ ತೋರಿಸತೊಡಗಿದ. ಕಾಗದವಿಲ್ಲ, ಬಾಯಿಪಾಠ. ಗುರು ಹಾಡಿದ್ದನ್ನು ತಿರುಗಿ ಹಾಡಿ ಕೀರ್ತನೆ ಕಲಿತ ನಮ್ಮವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣಲಿಕ್ಕಿಲ್ಲ. ಅಲ್ಲಿನ ಸ್ಟುಡಿಯೋಗಳಲ್ಲಿ ಇದು ವಿಚಿತ್ರವಾಗಿತ್ತು. ಗಂಟೆಗಿಷ್ಟು ಎಂದು ಬಾಡಿಗೆ ತೆರುವ ಕಡೆ ಎಲ್ಲರೂ ಹಾಳೆ ನೋಡಿ ನುಡಿಸಿ ಮುಗಿಸುವವರೇ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಅವನು ಸುಮ್ಮನೆ ‘ಟ್ರೊಂಬೋನ್’ ಎಂಬ ವಾದ್ಯಕ್ಕೆ ಸಂಗೀತ ಕಟ್ಟಲಿಲ್ಲ, ಜಿಮ್ಮಿ ನೆಪ್ಪರ್ ಎಂಬ ಮನುಷ್ಯನ ಟ್ರೊಂಬೋನಿಗೆ ಕಟ್ಟಿದ. ಬುಕರ್ ಅರ್ವಿನ್ ಊದುವ ಸ್ಯಾಕ್ಸೋಫೋನಿನ ಗಡಸು, ಜಾಕಿ ಬಯಾರ್ಡ್ ಪಿಯಾನೊದಲ್ಲಿ ಹಳೆಯದೂ ಹೊಸದೂ ಒಟ್ಟಿಗೆ ಬರುವ ಬಗೆ, ಇವೆಲ್ಲ ಕೃತಿಯ ಒಳಗೇ ಸೇರಿಹೋಗುತ್ತಿದ್ದವು. ಈ ಪಾಠ ಎಲಿಂಗ್ಟನ್‌ನಿಂದ ಬಂದದ್ದು. ಡ್ರಮ್ಸ್‌ಗೆ ಬಂದ ಡ್ಯಾನಿ ರಿಚ್‌ಮಂಡ್ ಕತೆಯನ್ನೇ ನೋಡಿ. ಆತ ಮೂಲತಃ ಸ್ಯಾಕ್ಸೋಫೋನ್ ಊದುತ್ತಿದ್ದವನು. 1957ರ ಹೊತ್ತಿಗೆ ಮಿಂಗಸ್ ಜೊತೆ ಸೇರಿ ನಡುವೆ ಬಿಡುವು ಇದ್ದರೂ ಇಪ್ಪತ್ತು ವರ್ಷ ಜೊತೆಗಿದ್ದ. ಇವರಿಬ್ಬರೂ ಕೈಸನ್ನೆಯಿಲ್ಲದೆ, ಎಣಿಕೆಯಿಲ್ಲದೆ ಕಾಲಪ್ರಮಾಣ ಬದಲಿಸುವುದನ್ನು ಕೇಳಿದಾಗ ನನಗೆ ಈಗಲೂ ಬೆನ್ನು ನೆಟ್ಟಗಾಗುತ್ತದೆ.

1956ರ ‘ಪಿಥೆಕ್ಯಾಂತ್ರೋಪಸ್ ಇರೆಕ್ಟಸ್’ ಈ ಪದ್ಧತಿಯ ಮೊದಲ ದೊಡ್ಡ ಫಲ. ಎರಡು ಕಾಲಿನ ಮೇಲೆ ಎದ್ದು ನಿಂತ ಮೊದಲ ಮನುಷ್ಯ, ಅವನ ಅಹಂಕಾರ, ಪತನ, ವಿನಾಶ: ಇಷ್ಟನ್ನು ಐದು ವಾದ್ಯಗಳಲ್ಲಿ ಹೇಳುವ ಕೃತಿ. ಇದರ ಒಂದು ಭಾಗದಲ್ಲಿ ನಿಗದಿಯಾದ ಸ್ವರಮೇಳಗಳ ಸರಣಿಯೇ ಇಲ್ಲ, ಎಲ್ಲರೂ ಏಕಕಾಲಕ್ಕೆ ಮನೋಧರ್ಮದಿಂದ ಕಿರುಚಾಡುತ್ತಾರೆ. ಮುಂದೆ ‘ಫ್ರೀ ಜಾಝ್’ ಎಂದು ಹೆಸರಾದದ್ದರ ಬೀಜ ಇಲ್ಲಿದೆ. ಆದರೆ ಆ ಕಿರುಚಾಟಕ್ಕೆ ಅಳತೆಯಿದೆ. ಕತೆ ಕೇಳಿದಾಗ ಬರುತ್ತದೆ, ಸಾಕಾದಾಗ ಬಾಸ್ ಅದನ್ನು ಮುಚ್ಚುತ್ತದೆ.

ಮರುವರ್ಷದ ‘ಹೇಟಿಯನ್ ಫೈಟ್ ಸಾಂಗ್’ ನಿಮಗಾಗಿಯೇ ಇರುವಂಥದ್ದು. ಬಾಸ್ ಒಂಟಿಯಾಗಿ ಶುರುಮಾಡುತ್ತದೆ. ತಂತಿಯನ್ನು ಎಳೆದು ಬಿಡುವ ಸದ್ದು, ಬೆರಳು ಜಾರುವ ಸದ್ದು, ಎಲ್ಲ ಕೇಳಿಸುತ್ತದೆ. ಆಮೇಲೆ ಒಂದು ಪುಟ್ಟ ಪಲ್ಲವಿಯಂಥ ತುಣುಕು ಹುಟ್ಟುತ್ತದೆ, ಮತ್ತೆ ಮತ್ತೆ ಅದೇ. ಡ್ರಮ್ಸ್ ಸೇರುತ್ತದೆ, ನೆಪ್ಪರ್‌ನ ಟ್ರೊಂಬೋನ್ ಬರುತ್ತದೆ, ಸ್ಯಾಕ್ಸೋಫೋನ್ ಬರುತ್ತದೆ. ಪೂರ್ವಗ್ರಹ, ದ್ವೇಷ, ಕಿರುಕುಳಗಳನ್ನು ನೆನೆಯದೆ ಇದನ್ನು ಸರಿಯಾಗಿ ನುಡಿಸಲು ತನಗಾಗದು ಎಂದು ಆತನೇ ಹೇಳಿಕೊಂಡಿದ್ದ.

1959 ಜಾಝ್‌ಗೆ ಸುಗ್ಗಿಯ ವರ್ಷ ಎಂದು ಎಲ್ಲರೂ ಹೇಳುತ್ತಾರೆ, ನಾನು ಅದನ್ನು ಬೆಳೆಸುವುದಿಲ್ಲ. ಆ ಮೇ ತಿಂಗಳು ನ್ಯೂಯಾರ್ಕಿನ ಕೊಲಂಬಿಯಾ ಸ್ಟುಡಿಯೋದಲ್ಲಿ ‘ಮಿಂಗಸ್ ಆಹ್ ಉಮ್’ ಮುದ್ರಣವಾಯಿತು. ಮೊದಲ ಕೃತಿಯಲ್ಲೇ ವಾಟ್ಸ್‌ನ ಚರ್ಚು ಎದ್ದು ಬರುತ್ತದೆ: ಚಪ್ಪಾಳೆ, ಮಿಂಗಸ್‌ನ ಕೂಗು, ಓಡುವ ಆರರ ನಡೆ. ಆ ಮಾರ್ಚಿನಲ್ಲಷ್ಟೇ ಸ್ಯಾಕ್ಸೋಫೋನಿನ ಲೆಸ್ಟರ್ ಯಂಗ್ ತೀರಿಕೊಂಡಿದ್ದ. ಅಗಲ ಅಂಚಿನ ಚಪ್ಪಟೆ ಟೋಪಿ ಅವನ ಗುರುತು. ‘ಗುಡ್‌ಬೈ ಪೋರ್ಕ್ ಪೈ ಹ್ಯಾಟ್’ ಅವನಿಗಾಗಿ ಹುಟ್ಟಿದ ಚರಮಗೀತೆ. ಹೊರಮೈ ನೋಡಿದರೆ ಹನ್ನೆರಡು ಬಾರ್‌ಗಳ ಮಾಮೂಲಿ ಬ್ಲೂಸ್ (ಕಪ್ಪು ಅಮೆರಿಕನ್ನರ ಹಳೆಯ ಹಾಡಿನ ಬಗೆ) ಆಕಾರ. ಒಳಗೆ ಕೆಳಸ್ವರಗಳನ್ನು ಎಷ್ಟು ಸರಿಸಾಡಿದ್ದಾನೆಂದರೆ ಹಾಡಬಹುದಾದ ಸರಳ ರಾಗವೊಂದು ಹೆಜ್ಜೆಹೆಜ್ಜೆಗೂ ನೆಲ ಕುಸಿದಂತೆ ಕೇಳುತ್ತದೆ. ಬಾಸ್ ವಾದಕನೊಬ್ಬ ಸಂಯೋಜಕನಾದರೆ ಏನಾಗುತ್ತದೆ ಎಂಬ ನಿಮ್ಮ ಪ್ರಶ್ನೆಗೆ ಈ ಒಂದು ಕೃತಿ ಸಾಕು.

ಅದೇ ಆಲ್ಬಂನಲ್ಲಿ ‘ಫೇಬಲ್ಸ್ ಆಫ್ ಫಾಬಸ್’ ಇದೆ. 1957ರಲ್ಲಿ ಅರ್ಕನ್ಸಾ ರಾಜ್ಯದ ಲಿಟಲ್ ರಾಕ್ ಶಾಲೆಗೆ ಒಂಬತ್ತು ಕಪ್ಪು ಮಕ್ಕಳು ಸೇರದಂತೆ ಗವರ್ನರ್ ಓರ್ವಲ್ ಫಾಬಸ್ ನ್ಯಾಷನಲ್ ಗಾರ್ಡ್ ಪಡೆ ನಿಲ್ಲಿಸಿದ್ದ, ಕೊನೆಗೆ ಅಧ್ಯಕ್ಷ ಐಸೆನ್‌ಹೋವರ್ ಸೈನ್ಯ ಕಳಿಸಬೇಕಾಯಿತು. ಮಿಂಗಸ್ ಅವನನ್ನು ಲೇವಡಿ ಮಾಡಿ ಹಾಡು ಕಟ್ಟಿದ. ಕೊಲಂಬಿಯಾ ರೆಕಾರ್ಡಿನಲ್ಲಿ ಮಾತುಗಳಿಲ್ಲ, ವಾದ್ಯ ಮಾತ್ರ. 1960ರಲ್ಲಿ ವಿಮರ್ಶಕ ನ್ಯಾಟ್ ಹೆಂಟಾಫ್ ನಡೆಸುತ್ತಿದ್ದ ಕ್ಯಾಂಡಿಡ್ ಎಂಬ ಚಿಕ್ಕ ಕಂಪನಿಗೆ ಮಾತುಗಳ ಸಮೇತ ಮತ್ತೆ ಮುದ್ರಿಸಿದ. ಮಿಂಗಸ್ ಕೇಳುತ್ತಾನೆ, ರಿಚ್‌ಮಂಡ್ ಡ್ರಮ್ಸ್ ಹಿಂದಿನಿಂದ ಕೂಗಿ ಉತ್ತರ ಕೊಡುತ್ತಾನೆ. ಬೀದಿನಾಟಕದ ಗುಣವಿದೆ ಅದಕ್ಕೆ. ಸ್ಟುಡಿಯೋದಲ್ಲಿ ಪ್ರೇಕ್ಷಕರೇ ಇಲ್ಲದಿದ್ದರೂ ಆಲ್ಬಂ ಉದ್ದಕ್ಕೂ ಇಲ್ಲದ ಕ್ಲಬ್ಬಿನ ಇಲ್ಲದ ಜನರಿಗೆ ಗ್ಲಾಸಿನ ಐಸು ಅಲ್ಲಾಡಿಸಬೇಡಿ ಎಂದು ತಾಕೀತು ಮಾಡುತ್ತಾನೆ. ಇದೇ ಆಲ್ಬಂನಲ್ಲಿ ತಂಡದ ಎರಿಕ್ ಡಾಲ್ಫಿಯ ಬಾಸ್ ಕ್ಲಾರಿನೆಟ್ (ಮಂದ್ರ ದನಿಯ ಊದುವ ವಾದ್ಯ) ಮತ್ತು ಮಿಂಗಸ್ ಬಾಸ್ ಜಗಳಕ್ಕೆ ಬಿದ್ದವರಂತೆ ಮಾತಾಡುವ ಒಂದು ಭಾಗವಿದೆ. ಪದಗಳಿಲ್ಲದಿದ್ದರೂ ಯಾರು ಏನು ಅಂದರು ಎಂದು ಊಹಿಸಬಹುದು.

ಕೋಪದ ವಿಷಯಕ್ಕೆ ಬರೋಣ. ನೀವು ಓದಿದ್ದು ನಿಜ. 1953ರಲ್ಲಿ ತನ್ನ ದೇವರಂಥ ಎಲಿಂಗ್ಟನ್ ತಂಡದಲ್ಲಿ ಕೆಲವೇ ದಿನ ಇದ್ದ. ಟ್ರೊಂಬೋನ್ ವಾದಕ ವಾನ್ ಟಿಝೋಲ್ ಜೊತೆ ವೇದಿಕೆಯ ಬಳಿ ಹೊಡೆದಾಟವಾಗಿ ಕೆಲಸ ಹೋಯಿತು. ಯಾರನ್ನೂ ತಾನಾಗಿ ತೆಗೆಯದ ಎಲಿಂಗ್ಟನ್ ಬಾಯಿಬಿಟ್ಟು ತೆಗೆದುಹಾಕಿದ ಅಪರೂಪದ ವಾದಕರಲ್ಲಿ ಇವನೊಬ್ಬ. ಒಂಬತ್ತು ವರ್ಷದ ಮೇಲೆ ಎಲಿಂಗ್ಟನ್, ಮಿಂಗಸ್, ಮ್ಯಾಕ್ಸ್ ರೋಚ್ ಮೂವರೇ ಕೂತು ‘ಮನಿ ಜಂಗಲ್’ ಮುದ್ರಿಸಿದರು. ಅಲ್ಲೂ ಮಿಂಗಸ್ ನಡುವೆ ಎದ್ದುಹೋದ, ಎಲಿಂಗ್ಟನ್ ಪುಸಲಾಯಿಸಿ ಕರೆತಂದ.

ಇವು ತಮಾಷೆಯ ಕತೆಗಳಾಗಿ ಉಳಿದಿವೆ. ನೆಪ್ಪರ್‌ಗೆ ಆದದ್ದು ತಮಾಷೆಯಲ್ಲ. 1962ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ದೊಡ್ಡ ತಂಡದ ಕಛೇರಿ ಗೊತ್ತಾಗಿತ್ತು. ರೆಕಾರ್ಡ್ ಕಂಪನಿ ಗೊತ್ತಾದ ದಿನಕ್ಕಿಂತ ವಾರಗಟ್ಟಲೆ ಮೊದಲೇ ಕಛೇರಿ ಇಟ್ಟುಬಿಟ್ಟಿತು. ಸ್ವರಲಿಪಿ ಬರೆದು ಮುಗಿದಿರಲಿಲ್ಲ. ಆ ಒತ್ತಡದಲ್ಲಿ ಇನ್ನಷ್ಟು ಬರೆಯಲು ಒಪ್ಪದ ನೆಪ್ಪರ್‌ನ ಬಾಯಿಗೆ ಮಿಂಗಸ್ ಗುದ್ದಿದ. ಹಲ್ಲು ಮುರಿಯಿತು. ಟ್ರೊಂಬೋನ್ ನುಡಿಯುವುದೇ ತುಟಿ-ಹಲ್ಲಿನ ಹಿಡಿತದಿಂದ. ನೆಪ್ಪರ್ ಮೇಲಿನ ಸ್ಥಾಯಿಯ ಸ್ವರಗಳನ್ನು ಕಳೆದುಕೊಂಡ. ಕೋರ್ಟು ಮಿಂಗಸ್‌ನನ್ನು ತಪ್ಪಿತಸ್ಥನೆಂದಿತು, ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಕಛೇರಿಯೂ ಕೆಟ್ಟಿತು, ನಕಲು ಮಾಡುವವರು ವೇದಿಕೆಯ ಮೇಲೇ ಕೂತು ಹಾಳೆ ಬರೆಯುತ್ತಿದ್ದರು. ಪ್ರತಿಭೆಯ ಹೆಸರಿನಲ್ಲಿ ಈ ಗುದ್ದನ್ನು ಮಾಫಿ ಮಾಡುವವರ ಗುಂಪಿಗೆ ನಾನು ಸೇರಿದವನಲ್ಲ. ವರ್ಣಭೇದದ ಮೇಲಿನ ಕೋಪ ಒಂದು, ತನಗಾಗಿ ದುಡಿಯುವವನ ಮೇಲೆ ಕೈಮಾಡುವುದು ಇನ್ನೊಂದು. ಜೀವನಚರಿತ್ರೆ ಬರೆಯುವವರು ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ವಿಚಿತ್ರವೆಂದರೆ ನೆಪ್ಪರ್ 1977ರಲ್ಲಿ ಮತ್ತೆ ಮಿಂಗಸ್ ಜೊತೆ ನುಡಿಸಿದ, ಅವನು ಸತ್ತ ಮೇಲೆ ಅವನ ಕೃತಿಗಳನ್ನು ನುಡಿಸಲು ಕಟ್ಟಿದ ತಂಡದಲ್ಲೂ ಇದ್ದ.

ಆ ಅನಾಹುತದ ಮೂರು ತಿಂಗಳಿಗೆ, 1963ರ ಜನವರಿಯಲ್ಲಿ, ಹನ್ನೊಂದು ಜನರ ತಂಡದೊಂದಿಗೆ ‘ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ’ ಮುದ್ರಿಸಿದ. ನೃತ್ಯಕ್ಕೆಂದು ಕಲ್ಪಿಸಿದ, ಒಂದೇ ಉಸಿರಿನ ದೀರ್ಘ ಕೃತಿ. ಎಲಿಂಗ್ಟನ್ ಬಗೆಯ ಗುರುಗುಟ್ಟುವ ಟ್ರಂಪೆಟ್, ಸ್ಪ್ಯಾನಿಷ್ ಗಿಟಾರ್, ಬಿರುಸಾಗುತ್ತ ತಗ್ಗುತ್ತ ಮತ್ತೆ ಬಿರುಸಾಗುವ ಲಯ. ಚಾರ್ಲಿ ಮರಿಯಾನೊನ ಸ್ಯಾಕ್ಸೋಫೋನಿನ ಕೆಲವು ಭಾಗಗಳನ್ನು ಆಮೇಲೆ ಮುದ್ರಿಸಿ ಸೇರಿಸಿದರು. ಹೊದಿಕೆಯ ಟಿಪ್ಪಣಿ ಬರೆಯಲು ತನ್ನ ಮನಶ್ಶಾಸ್ತ್ರಜ್ಞನಿಗೇ ಹೇಳಿದ ಮನುಷ್ಯ ಅವನು! ನನ್ನ ಮಟ್ಟಿಗೆ ಅವನ ಶಿಖರ ಇದೇ.

1964ರ ಯುರೋಪ್ ಪ್ರವಾಸದ ಕೊನೆಗೆ ಡಾಲ್ಫಿ ಅಲ್ಲೇ ಉಳಿದ, ಜೂನ್ ಕೊನೆಯಲ್ಲಿ ಬರ್ಲಿನ್‌ನಲ್ಲಿ ಸತ್ತುಹೋದ. ಮಿಂಗಸ್‌ಗೆ ಅದು ದೊಡ್ಡ ಪೆಟ್ಟು. 1966ರಲ್ಲಿ ಸಂಗೀತ ಶಾಲೆ ಮಾಡಬೇಕೆಂದಿದ್ದ ನ್ಯೂಯಾರ್ಕಿನ ಮನೆಯಿಂದ ಹೊರಹಾಕಿದರು. ಬಾಸ್, ಹಾಳೆಗಳು, ಪೆಟ್ಟಿಗೆಗಳು ಬೀದಿಗೆ ಬಂದದ್ದು ಒಂದು ಸಾಕ್ಷ್ಯಚಿತ್ರದಲ್ಲಿ ಸೆರೆಯಾಗಿದೆ. ನಂತರ ಕೆಲವು ವರ್ಷ ವೇದಿಕೆಯಿಂದ ದೂರ. 1971ರಲ್ಲಿ ಕಲಾವಿದರಿಗೆ ಧನಸಹಾಯ ಕೊಡುವ ಗುಗನ್‌ಹೈಮ್ ಫೆಲೋಶಿಪ್, ಮತ್ತೆ ದೊಡ್ಡ ವಾದ್ಯವೃಂದ, ಮತ್ತೆ ತಂಡ. ಬೆಕ್ಕಿಗೆ ಮನುಷ್ಯರ ಟಾಯ್ಲೆಟ್ ಬಳಸಲು ಕಲಿಸುವ ವಿಧಾನವನ್ನು ಪುಟ್ಟ ಕೈಪಿಡಿಯಾಗಿ ಬರೆದು ಹಂಚಿದವನೂ ಇವನೇ. ಅದರಲ್ಲೂ ತಾಳ್ಮೆಯ ಮೇಷ್ಟ್ರು ಕಾಣುತ್ತಾನೆ.

1977ರಲ್ಲಿ ಎ.ಎಲ್.ಎಸ್ ಎಂಬ ನರರೋಗ ಪತ್ತೆಯಾಯಿತು. ಸ್ನಾಯುಗಳು ಒಂದೊಂದಾಗಿ ಕೈಕೊಡುವ ಕಾಯಿಲೆ. ಬಾಸ್ ಹೋಯಿತು, ಪಿಯಾನೊ ಹೋಯಿತು. ಗಾಲಿಕುರ್ಚಿಯಲ್ಲಿ ಕೂತು ಟೇಪ್ ರೆಕಾರ್ಡರಿಗೆ ಹಾಡುತ್ತ ಸಂಯೋಜನೆ ಮುಂದುವರಿಸಿದ. ಗಾಯಕಿ ಜೋನಿ ಮಿಚೆಲ್‌ಗೆ ರಾಗಗಳನ್ನು ಕೊಟ್ಟ, ಆಕೆ ಮಾತು ಹೊಸೆದಳು. 1978ರ ಜೂನ್ 18ರಂದು ಶ್ವೇತಭವನದ ಹುಲ್ಲುಹಾಸಿನಲ್ಲಿ ನಡೆದ ಜಾಝ್ ಸಮಾರಂಭದಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದಾಗ ಕೂತಲ್ಲೇ ಅತ್ತುಬಿಟ್ಟ. ಅಧ್ಯಕ್ಷ ಜಿಮ್ಮಿ ಕಾರ್ಟರ್ ಬಳಿಗೆ ಬಂದು ಸಮಾಧಾನಪಡಿಸಿದರು. 1979ರ ಜನವರಿ 5ರಂದು ಮೆಕ್ಸಿಕೋದ ಕ್ವೆರ್ನಾವಾಕಾದಲ್ಲಿ, 56ನೆಯ ವಯಸ್ಸಿಗೆ ತೀರಿಕೊಂಡ. ಚಿತಾಭಸ್ಮವನ್ನು ಗಂಗೆಯಲ್ಲಿ ಬಿಡಬೇಕೆಂಬುದು ಅವನ ಇಚ್ಛೆ. ಹೆಂಡತಿ ಸೂ ಋಷಿಕೇಶಕ್ಕೆ ಬಂದು ಬಿಟ್ಟುಹೋದರು.

ಕಾಗದವನ್ನು ನಂಬದ ಈ ಮನುಷ್ಯ ಬಿಟ್ಟುಹೋದ ದೊಡ್ಡ ಆಸ್ತಿ ಕಾಗದವೇ ಆಗಿತ್ತು. ಅವನ ಹಸ್ತಪ್ರತಿಗಳನ್ನು ಪಟ್ಟಿ ಮಾಡುವಾಗ ಸಂಗೀತಶಾಸ್ತ್ರಜ್ಞ ಆಂಡ್ರ್ಯೂ ಹೋಮ್ಝಿಗೆ 4000ಕ್ಕೂ ಹೆಚ್ಚು ಬಾರ್‌ಗಳ ‘ಎಪಿಟಾಫ್’ ಸಿಕ್ಕಿತು. ಟೌನ್ ಹಾಲ್‌ನಲ್ಲಿ ಕೆಟ್ಟುಹೋದ ಸಂಗೀತ ಇದರದೇ ಭಾಗ. 1989ರ ಜೂನ್‌ನಲ್ಲಿ ಗುಂಥರ್ ಶುಲರ್ ನಿರ್ದೇಶನದಲ್ಲಿ 30 ಜನರ ತಂಡ ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಅದನ್ನು ಎರಡು ಗಂಟೆಗೂ ಮೀರಿ ನುಡಿಸಿತು. ಗೌರವದಿಂದ ಕೇಳಬೇಕಾದದ್ದು, ನಿಜ. ಆದರೆ ಮಿಂಗಸ್ ಬಾಸ್ ಇಲ್ಲದ ಮಿಂಗಸ್ ನನಗೆ ಅರೆಹೊಟ್ಟೆಯ ಊಟ. ಆ ಕೂಗು ಇಲ್ಲ, ವೇಗವನ್ನು ಕಿವಿ ಹಿಡಿದು ತಿರುಗಿಸುವವನು ಇಲ್ಲ.

ಹಾಗಾಗಿ ನೀವು ಅಲ್ಲಿಂದ ಆರಂಭಿಸಬೇಡಿ. ‘ಹೇಟಿಯನ್ ಫೈಟ್ ಸಾಂಗ್’ ಮೊದಲು, ಅದೂ ಒಂದೇ ದಿನ ಎರಡು ಸಲ: ಒಮ್ಮೆ ಇಡಿಯಾಗಿ, ಇನ್ನೊಮ್ಮೆ ಬಾಸ್ ಒಂದನ್ನೇ ಹಿಂಬಾಲಿಸಿ. ಆಮೇಲೆ ‘ಮಿಂಗಸ್ ಆಹ್ ಉಮ್’. ಅದರ ಹಳೆಯ ಎಲ್‌ಪಿಯಲ್ಲಿ ಜಾಗ ಸಾಲದೆ ಹಲವು ಕೃತಿಗಳನ್ನು ಕತ್ತರಿಸಿದ್ದರು, ಈಚಿನ ಮುದ್ರಣಗಳಲ್ಲಿ ಆ ಭಾಗಗಳು ಮರಳಿ ಸೇರಿವೆ. ಕೃತಿಗಳ ಅವಧಿ ಹೋಲಿಸಿ ಉದ್ದನೆಯದನ್ನೇ ಆರಿಸಿ. 1960ರ ಕ್ಯಾಂಡಿಡ್ ಆಲ್ಬಂ ಮೂರನೆಯದು. ‘ಬ್ಲ್ಯಾಕ್ ಸೇಂಟ್’ ಕೇಳಲು ನಲವತ್ತು ನಿಮಿಷ ಯಾರೂ ಕರೆಯದ ಹೊತ್ತು ನೋಡಿಕೊಳ್ಳಿ, ತುಂಡುತುಂಡಾಗಿ ಕೇಳಿದರೆ ಅದು ದಕ್ಕುವುದಿಲ್ಲ. ಇಷ್ಟು ಹಿಡಿಸಿದರೆ 1974ರ ಕೊನೆಯಲ್ಲಿ ಮುದ್ರಣವಾದ ‘ಚೇಂಜಸ್’ ಎರಡು ಸಂಪುಟಗಳಿವೆ. ಆ ಹೊತ್ತಿಗೂ ಡ್ರಮ್ಸ್ ಹಿಂದೆ ಡ್ಯಾನಿ ರಿಚ್‌ಮಂಡ್‌ನೇ ಇದ್ದಾನೆ.